ಭೃತಿಯೂ ಕಾರ್ಯಚಿಂತಕರ ಹೊಣೆಯೂ: ವೇತನಾದಾನ ಪ್ರಕರಣದಿಂದ ಕಂಪೆನಿ ಕಾಯಿದೆಯವರೆಗೆ

೧

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಶಾಸನಾಭ್ಯಾಸಿಗಳಿಗೆ ಅಪರಿಚಿತವಾದುವಲ್ಲ. ಗಂಗರ ಕಾಲದ ಮಾನ್ಯಪುರವು ನೆಲಮಂಗಲ ತಾಲ್ಲೂಕಿನ ಇಂದಿನ ಮಣ್ಣೆಯೇ ಎಂಬುದು ವಿದ್ವಾಂಸರಿಗೆ ಸಮ್ಮತವಾದ ವಿಷಯ. ದೇವನಹಳ್ಳಿಯ ಕೋಟೆಯನ್ನು ಮೊದಲು ಕಟ್ಟಿಸಿದವರು ಆವತಿಯ ನಾಡಪ್ರಭುಗಳು. ದೊಡ್ಡಬಳ್ಳಾಪುರವು ಬಹುಕಾಲದಿಂದ ನೇಯ್ಗೆಗೆ ಹೆಸರಾದ ಊರು. ೧೯೮೬ರಲ್ಲಿ ಬೆಂಗಳೂರು ಗ್ರಾಮಾಂತರವೆಂಬ ಪ್ರತ್ಯೇಕ ಜಿಲ್ಲೆಯು ರಚಿತವಾದ ತರುವಾಯ ಈ ಸೀಮೆಯ ಮುಖವೇ ಬದಲಾಯಿತು. ರಾಗಿಯ ಹೊಲಗಳೂ ಹಿಪ್ಪುನೇರಳೆಯ ತೋಟಗಳೂ ಇದ್ದೆಡೆಯಲ್ಲಿ ಕೈಗಾರಿಕಾ ಪ್ರದೇಶಗಳು ಎದ್ದುವು. ದೊಡ್ಡಬಳ್ಳಾಪುರದಲ್ಲಿ ಸಿದ್ಧ ಉಡುಪುಗಳ ಕಾರ್ಖಾನೆಗಳೂ, ಹೊಸಕೋಟೆಯಲ್ಲಿ ವಾಹನಗಳನ್ನು ನಿರ್ಮಿಸುವ ಕಾರ್ಖಾನೆಗಳೂ, ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ ನಾನಾ ಉದ್ಯಮಗಳೂ ನೆಲೆಗೊಂಡುವು. ೨೦೦೮ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆಯಿತು.

ಈ ಪರಿವರ್ತನೆಯೊಡನೆ ಒಂದು ಪುರಾತನವಾದ ಪ್ರಶ್ನೆಯು ಹೊಸ ರೂಪವನ್ನು ತಾಳಿದೆ. ದುಡಿದವನಿಗೆ ಸಲ್ಲಬೇಕಾದ ಭೃತಿಯು ಸಲ್ಲದೆ ಹೋದಲ್ಲಿ ಉತ್ತರ ಹೇಳತಕ್ಕವರು ಯಾರು? ಹೊಲದ ಒಡೆಯನೂ ಮಗ್ಗದ ಯಜಮಾನನೂ ಕಣ್ಣೆದುರಿಗೆ ಇದ್ದವರು. ಅವರ ಮನೆಯ ಬಾಗಿಲು ಕೂಲಿಕಾರನಿಗೆ ತಿಳಿದಿತ್ತು. ಕಂಪೆನಿಗಾದರೋ ದೇಹವಿಲ್ಲ, ಮನೆಯ ಬಾಗಿಲೂ ಇಲ್ಲ. ಅದರ ಪರವಾಗಿ ಆಲೋಚಿಸಿ ನಿರ್ಣಯಿಸುವವರು ನಿರ್ದೇಶಕರು. ಆದರೆ ಅವರು ಕೂಲಿಯ ಒಪ್ಪಂದಕ್ಕೆ ರುಜು ಹಾಕಿದವರಲ್ಲ. ಈ ಪ್ರಶ್ನೆಯನ್ನು ನಮ್ಮ ವ್ಯವಹಾರಶಾಸ್ತ್ರವು ಹೇಗೆ ಕಂಡಿತು, ಅರ್ವಾಚೀನ ಶಾಸನವು ಹೇಗೆ ಕಂಡಿದೆ, ಎರಡರಲ್ಲಿಯೂ ಉಳಿದ ಕೊರತೆಯಾವುದು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ ೧೯೦೯ರಲ್ಲಿ ಮುದ್ರಿಸಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದ ಧರ್ಮಸ್ಥೀಯವೆಂಬ ಅಧಿಕರಣದಲ್ಲಿ ಕರ್ಮಕರರ ವಿಚಾರವು ವಿಸ್ತಾರವಾಗಿಯೇ ಬಂದಿದೆ. ವೇತನವನ್ನು ಕೊಡದ ಯಜಮಾನನಿಗೆ ಅದರ ಹತ್ತನೆಯ ಒಂದು ಪಾಲು ಅಥವಾ ಆರು ಪಣ ದಂಡವೆಂದೂ, ಕೊಡಬೇಕಾದುದೇ ಇಲ್ಲವೆಂದು ಅಪಲಾಪಿಸಿದವನಿಗೆ ಹನ್ನೆರಡು ಪಣ ಅಥವಾ ಐದನೆಯ ಒಂದು ಪಾಲು ದಂಡವೆಂದೂ ಅಲ್ಲಿ ವಿಧಿಸಿದೆ. ತಡಮಾಡುವುದಕ್ಕಿಂತ ಅಲ್ಲಗಳೆಯುವುದು ದೊಡ್ಡ ಅಪರಾಧವೆಂಬ ಈ ತಾರತಮ್ಯವು ಗಮನಾರ್ಹವಾಗಿದೆ.

ಕನ್ನಡನಾಡಿನ ಮಟ್ಟಿಗೆ ಅಧಿಕ ಪ್ರಮಾಣವೆನಿಸಿದ ಗ್ರಂಥವು ಮಿತಾಕ್ಷರೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಈ ವ್ಯಾಖ್ಯಾನವು ದಾಯಭಾಗದ ವಿಷಯದಲ್ಲಿ ಮಾತ್ರವೇ ನ್ಯಾಯಾಲಯಗಳಲ್ಲಿ ಪ್ರಸಿದ್ಧವಾಯಿತು. ವ್ಯವಹಾರಾಧ್ಯಾಯದ ಉಳಿದ ಪ್ರಕರಣಗಳನ್ನು ಓದುವವರು ವಿರಳರಾದರು. ಅವುಗಳಲ್ಲಿ ವೇತನಾದಾನವೆಂಬುದೊಂದು. ಸೇವಕರಿಗೆ ಸಲ್ಲತಕ್ಕ ವೇತನವನ್ನು ಕೊಡುವ, ಕೊಡದಿರುವ ವಿವಾದಗಳೇ ಅದರ ವಿಷಯ.

ಈ ಪ್ರಕರಣದಲ್ಲಿ ಮೂರು ಅಂಶಗಳು ಮುಖ್ಯವಾದುವು. ಭೃತಿಯನ್ನು ಗೊತ್ತುಪಡಿಸದೆ ವಾಣಿಜ್ಯ, ಪಶುಪಾಲನೆ, ಕೃಷಿಗಳಲ್ಲಿ ಒಬ್ಬನಿಂದ ಕೆಲಸ ಮಾಡಿಸಿಕೊಂಡವನು ಉತ್ಪನ್ನದ ಹತ್ತನೆಯ ಒಂದು ಪಾಲನ್ನು ಅವನಿಗೆ ಕೊಡತಕ್ಕದ್ದು. ಕೊಡದಿದ್ದರೆ ರಾಜನೇ ಕೊಡಿಸತಕ್ಕದ್ದು. ಇದು ಮೊದಲನೆಯದು. ಒಂದೇ ಕೆಲಸವನ್ನು ಹಲವರು ಕೈಕೊಂಡು ಅದು ಮುಗಿಯದೆ ಹೋದರೆ ಯಾರು ಎಷ್ಟು ಮಾಡಿದರೋ ಅಷ್ಟಕ್ಕೆ ಅವರವರ ಭೃತಿಯು ಸಲ್ಲುತ್ತದೆ. ಇದು ಎರಡನೆಯದು. ಹೊರೆ ಹೊರುವವನು ಅರ್ಧದಾರಿಯಲ್ಲಿ ಬಿಟ್ಟುಹೋದರೆ ಅವನಿಗೆ ಯಾವ ದಂಡವುಂಟೋ, ಅವನನ್ನು ಅಕಾರಣವಾಗಿ ಬಿಡಿಸಿದ ಯಜಮಾನನಿಗೂ ಅದೇ ಪ್ರಮಾಣದಲ್ಲಿ ತೆರುವ ಹೊಣೆಯುಂಟು. ಇದು ಮೂರನೆಯದು. ಕಡೆಯ ನಿಯಮದಲ್ಲಿ ಯಜಮಾನನನ್ನೂ ಸೇವಕನನ್ನೂ ಒಂದೇ ತಕ್ಕಡಿಯಲ್ಲಿ ತೂಗಿರುವುದನ್ನು ವಾಚಕರು ಲಕ್ಷಿಸಬೇಕು.

ಆದರೂ ಪ್ರಾಚೀನ ವಿಧಿಯನ್ನು ಅತಿಯಾಗಿ ಹೊಗಳುವುದು ಇತಿಹಾಸಕಾರನಿಗೆ ತಕ್ಕದ್ದಲ್ಲ. ವೇತನವನ್ನು ಪಡೆದು ಕೆಲಸವನ್ನು ಬಿಟ್ಟವನು ಎರಡರಷ್ಟು ತೆರಬೇಕೆಂಬ ನಿಯಮವೂ ಅದೇ ಪ್ರಕರಣದಲ್ಲಿದೆ. ಅದರ ಹಿಂದಿನ ಪ್ರಕರಣಗಳಲ್ಲೊಂದು ದಾಸರ ವಿಚಾರವನ್ನು ಹೇಳುವುದಾಗಿದ್ದು, ದಾಸ್ಯವೆಂಬ ಸ್ಥಿತಿಯನ್ನೇ ಒಪ್ಪಿಕೊಂಡು ನಡೆಯುತ್ತದೆ. ಆದುದರಿಂದ ಆ ಕಾಲದಲ್ಲಿ ಭೃತಕನು ಸಮಾನನಾಗಿದ್ದನೆಂದು ಹೇಳಲಾಗದು. ಭೃತಿಗೆ ಹೊಣೆಗಾರನು ಇಂಥವನೆಂದು ಸ್ಪಷ್ಟವಾಗಿದ್ದಿತೆಂದು ಮಾತ್ರ ಹೇಳಬಹುದು.

೩

ಕಾರ್ಯಚಿಂತಕರ ವಿಚಾರವು ಬರುವುದು ಬೇರೆಯೊಂದು ಪ್ರಕರಣದಲ್ಲಿ. ಅದರ ಹೆಸರು ಸಂವಿದ್ವ್ಯತಿಕ್ರಮ, ಅಂದರೆ ಸಮೂಹವು ಮಾಡಿಕೊಂಡ ಕಟ್ಟಳೆಯನ್ನು ಮೀರುವುದು. ಶ್ರೇಣಿ, ನೈಗಮ, ಗಣ ಮೊದಲಾದ ಸಮೂಹಗಳ ಕಾರ್ಯಗಳನ್ನು ವಿಚಾರಿಸುವವರನ್ನು ಸ್ಮೃತಿಯು ಕಾರ್ಯಚಿಂತಕರೆಂದು ಕರೆದು, ಅವರು ಧರ್ಮಜ್ಞರೂ ಶುಚಿಗಳೂ ಲೋಭರಹಿತರೂ ಆಗಿರಬೇಕೆಂದು ವಿಧಿಸುತ್ತದೆ. ಸಮೂಹದ ದ್ರವ್ಯವನ್ನು ಅಪಹರಿಸಿದವನ ಸರ್ವಸ್ವವನ್ನೂ ಕಿತ್ತುಕೊಂಡು ಅವನನ್ನು ರಾಷ್ಟ್ರದಿಂದ ಹೊರಡಿಸಬೇಕೆಂಬುದು ಅಲ್ಲಿಯ ಶಿಕ್ಷೆ. ಸಮೂಹದ ಕಾರ್ಯಾರ್ಥವಾಗಿ ಹೋದವನು ಅಲ್ಲಿ ತನಗೆ ದೊರೆತುದನ್ನು ಸಮೂಹಕ್ಕೆ ಒಪ್ಪಿಸದಿದ್ದರೆ ಹನ್ನೊಂದರಷ್ಟನ್ನು ತೆರಬೇಕು.

ಸಂಭೂಯಸಮುತ್ಥಾನವೆಂಬ ಮತ್ತೊಂದು ಪ್ರಕರಣವು ಕೂಡುವ್ಯಾಪಾರವನ್ನು ಕುರಿತುದು. ಲಾಭನಷ್ಟಗಳು ಹಾಕಿದ ಬಂಡವಾಳಕ್ಕೆ ತಕ್ಕಂತೆ ಅಥವಾ ಒಪ್ಪಂದದಂತೆ ಹಂಚಿಕೆಯಾಗತಕ್ಕವು. ನಿಷೇಧಿಸಿದುದನ್ನು ಮಾಡಿಯಾಗಲಿ, ಇತರರ ಅನುಮತಿಯಿಲ್ಲದೆ ಮಾಡಿಯಾಗಲಿ, ಅಜಾಗರೂಕತೆಯಿಂದಾಗಲಿ ನಷ್ಟವನ್ನು ತಂದವನು ತಾನೊಬ್ಬನೇ ಅದನ್ನು ಭರಿಸಬೇಕು. ವಂಚಕನಾದ ಪಾಲುಗಾರನನ್ನು ಲಾಭವಿಲ್ಲದೆ ಹೊರಗೆ ಹಾಕಬೇಕು. ಪ್ರಕರಣದ ಕೊನೆಯಲ್ಲಿ ಇದೇ ವಿಧಿಯು ಋತ್ವಿಜರಿಗೂ ಕೃಷಿಕರಿಗೂ ಕರ್ಮಿಗಳಿಗೂ ಅನ್ವಯಿಸುವುದೆಂದು ಹೇಳಿದೆ. ಎಂದರೆ ಕೂಡಿ ದುಡಿಯುವವರ ಪರಸ್ಪರ ಸಂಬಂಧಕ್ಕೂ ಈ ನ್ಯಾಯವೇ ಸಲ್ಲುವುದು.

ಈ ಮೂರು ಪ್ರಕರಣಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿಯು ವಿಶದವಾಗುವುದು. ವೇತನಾದಾನದಲ್ಲಿ ಯಜಮಾನನು ಸೇವಕನಿಗೆ ಹೊಣೆ. ಸಂವಿದ್ವ್ಯತಿಕ್ರಮದಲ್ಲಿ ಕಾರ್ಯಚಿಂತಕನು ಸಮೂಹಕ್ಕೆ ಹೊಣೆ. ಸಂಭೂಯಸಮುತ್ಥಾನದಲ್ಲಿ ಪಾಲುಗಾರನು ಪಾಲುಗಾರನಿಗೆ ಹೊಣೆ. ಸಮೂಹವೇ ಯಜಮಾನನಾಗಿ, ಅದರ ಕಾರ್ಯಚಿಂತಕನ ಲೋಭದಿಂದ ಭೃತಕನ ಕೂಲಿಯು ನಷ್ಟವಾದಲ್ಲಿ ಆ ಕಾರ್ಯಚಿಂತಕನು ಭೃತಕನಿಗೆ ನೇರವಾಗಿ ಹೊಣೆಯೇ ಎಂಬ ಪ್ರಶ್ನೆಗೆ ಮೂರರಲ್ಲಿ ಯಾವುದೂ ಉತ್ತರವನ್ನು ಕೊಡುವುದಿಲ್ಲ. ಐಹೊಳೆಯ ಐನೂರ್ವರೇ ಮೊದಲಾದ ವರ್ತಕಸಂಘಗಳ ಶಾಸನಗಳಲ್ಲಿಯೂ ಸಂಘದ ಮಹಿಮೆ, ಸಮಯಧರ್ಮ, ದೇವಾಲಯಗಳಿಗೆ ಬಿಟ್ಟ ಆಯ ಇವುಗಳ ವರ್ಣನೆಯು ಸಾಮಾನ್ಯವಾಗಿ ಕಂಡುಬರುವುದೇ ಹೊರತು, ಅವರ ಸರಕನ್ನು ಹೊತ್ತವರ ಕೂಲಿಯ ವಿಚಾರವು ಕಾಣುವುದಿಲ್ಲ. ಶ್ರೇಣಿಯು ಇಂದಿನ ಕಂಪೆನಿಯಲ್ಲ, ನಿಜ; ಪಾಲುಗಾರನ ಹೊಣೆಯನ್ನು ಅವನು ಹಾಕಿದ ಹಣಕ್ಕೆ ಮಿತಗೊಳಿಸುವ ಕಲ್ಪನೆಯು ಅಲ್ಲಿರಲಿಲ್ಲ. ಆದರೆ ಪ್ರಕರಣಗಳ ನಡುವೆ ಉಳಿದ ಈ ತೆರಪು ಮಾತ್ರ ಮುಂದೆ ಕಂಪೆನಿಯ ಯುಗದಲ್ಲಿ ಬಹಳ ಅಗಲವಾಯಿತು.

೪

ಹಿಂದೂದೇಶದಲ್ಲಿ ಕೂಡುಬಂಡವಾಳದ ಕಂಪೆನಿಗಳ ನೋಂದಣಿಗೆ ಮೊದಲ ಕಾಯಿದೆಯಾದುದು ೧೮೫೦ರಲ್ಲಿ. ೧೮೫೭ರ ಕಾಯಿದೆಯು ಷೇರುದಾರನ ಹೊಣೆಯನ್ನು ಅವನ ಷೇರಿನ ಮೊತ್ತಕ್ಕೆ ಮಿತಗೊಳಿಸಲು ಅವಕಾಶವಿತ್ತಿತು. ಅದಾದ ಎರಡೇ ವರ್ಷಗಳಲ್ಲಿ, ೧೮೫೯ರಲ್ಲಿ, ಮತ್ತೊಂದು ಕಾಯಿದೆಯು ಜಾರಿಗೆ ಬಂದಿತು. ಮುಂಗಡವನ್ನು ಪಡೆದು ಕೆಲಸಕ್ಕೆ ಬಾರದ ಕುಶಲಕರ್ಮಿಯನ್ನೂ ಕೂಲಿಕಾರನನ್ನೂ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಅವರ ಆಜ್ಞೆಯಂತೆ ನಡೆಯದಿದ್ದರೆ ಮೂರು ತಿಂಗಳವರೆಗೆ ಸೆರೆಯಲ್ಲಿಡಲು ಅದು ಅಧಿಕಾರ ಕೊಟ್ಟಿತು. ಮೊದಲು ಕಲ್ಕತ್ತ, ಮದರಾಸು, ಮುಂಬಯಿ ನಗರಗಳಿಗೆ ಅನ್ವಯಿಸಿ, ಅನ್ಯ ಪ್ರದೇಶಗಳಿಗೂ ವಿಸ್ತರಿಸಬಹುದಾಗಿದ್ದ ಈ ಕಾಯಿದೆಯು ರದ್ದಾದುದು ೧೯೨೫ರ ಶಾಸನದಿಂದ. ಹಣ ಹಾಕಿದವನು ಒಪ್ಪಂದ ಮುರಿದರೆ ನಷ್ಟವು ಅವನ ಷೇರಿನಷ್ಟು. ಮೈ ದುಡಿಸಿದವನು ಒಪ್ಪಂದ ಮುರಿದರೆ ಸೆರೆಮನೆ. ಮಿತಾಕ್ಷರೆಯಲ್ಲಿ ಒಂದೇ ತಕ್ಕಡಿಯಲ್ಲಿದ್ದ ಇಬ್ಬರೂ ಇಲ್ಲಿ ಬೇರೆಬೇರೆ ತಕ್ಕಡಿಗಳಿಗೆ ಹೋದರು.

ಮೈಸೂರು ಸಂಸ್ಥಾನದಲ್ಲಿ ಈ ದೂರವು ಭೂಗೋಳದ ಅರ್ಥದಲ್ಲಿಯೂ ಕಂಡುಬಂದಿತು. ೧೮೮೦ರಲ್ಲಿ ಸ್ಥಾಪಿತವಾದ ಮೈಸೂರು ಚಿನ್ನದ ಗಣಿ ಕಂಪೆನಿಯ ನಿರ್ದೇಶಕರ ಮಂಡಲಿಯು ಲಂಡನ್ ನಗರದಲ್ಲಿದ್ದಿತು. ಗಣಿಗಳ ಆಡಳಿತವು ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯ ಕೈಯಲ್ಲಿದ್ದಿತು. ದುಡಿಯುವವರು ಕೋಲಾರದ ನೆಲದೊಳಗಿದ್ದರು. ಕೆಲಸಗಾರರ ಬೆರಳಚ್ಚುಗಳನ್ನು ದಾಖಲೆ ಮಾಡುವ ಏರ್ಪಾಟನ್ನು ವಿರೋಧಿಸಿ ೧೯೩೦ರಲ್ಲಿ ಗಣಿಯ ಕಾರ್ಮಿಕರು ದೊಡ್ಡ ಮುಷ್ಕರವನ್ನು ಹೂಡಿದರು. ಕೂಲಿಕಾರನ ಗುರುತು ಅವನ ಬೆರಳಿನವರೆಗೂ ಬೇಕಾಗಿದ್ದ ಆ ಆಡಳಿತದಲ್ಲಿ, ನಿರ್ಣಯ ಮಾಡಿದವರ ಗುರುತು ಕೂಲಿಕಾರನಿಗೆ ದೊರೆಯುವ ಮಾರ್ಗವಿರಲಿಲ್ಲ. ೧೯೪೨ರ ಮೈಸೂರು ಕಾರ್ಮಿಕ ಕಾಯಿದೆಯು ಕಾರ್ಮಿಕರ ಸಂಘಗಳನ್ನು ಶಾಸನಬದ್ಧವಾಗಿ ಮನ್ನಿಸಿತು. ಆದರೆ ಒಂದೊಂದು ಸಂಘವೂ ಒಂದೊಂದು ಉದ್ಯಮಕ್ಕೆ ಸೀಮಿತವಾಗಿರುವಂತೆ ವಿಧಿಸಿತು.

ಸ್ವಾತಂತ್ರ್ಯದ ಆಚೀಚೆಗೆ ಬಂದ ಶಾಸನಗಳು ಅನೇಕ. ಅವುಗಳಲ್ಲಿ ಪ್ರಕೃತಕ್ಕೆ ಮುಖ್ಯವಾದುವು ೧೯೩೬ರ ವೇತನ ಪಾವತಿ ಕಾಯಿದೆ, ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆ, ೧೯೪೮ರ ಕಾರ್ಖಾನೆಗಳ ಕಾಯಿದೆ ಮತ್ತು ಕನಿಷ್ಠ ವೇತನ ಕಾಯಿದೆ, ೧೯೫೨ರ ಭವಿಷ್ಯನಿಧಿ ಕಾಯಿದೆ. ಇವೆಲ್ಲವೂ ವೇತನಾದಾನದ ಸಂತತಿಗೆ ಸೇರಿದುವು. ಮತ್ತೊಂದು ಕಡೆಯಲ್ಲಿ ೧೯೧೩ರ ಮತ್ತು ೧೯೫೬ರ ಕಂಪೆನಿ ಕಾಯಿದೆಗಳು ಸಂವಿದ್ವ್ಯತಿಕ್ರಮದ ಸಂತತಿಗೆ ಸೇರಿದುವು; ನಿರ್ದೇಶಕನು ಷೇರುದಾರರಿಗೆ ಲೆಕ್ಕ ಒಪ್ಪಿಸಬೇಕೆಂಬುದೇ ಅವುಗಳ ಮುಖ್ಯ ಚಿಂತೆ. ಎರಡು ಸಂತತಿಗಳೂ ಬಹುಕಾಲ ಒಂದರ ಮುಖವನ್ನೊಂದು ನೋಡದೆಯೇ ಬೆಳೆದುವು.

೫

ಇವೆರಡರ ನಡುವೆ ಸೇತುವೆ ಕಟ್ಟುವ ಯತ್ನಗಳು ಕ್ರಮೇಣ ನಡೆದುವು. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಹೇಳಬಹುದು.

ಮೊದಲನೆಯದು ಕಂಪೆನಿಯು ಮುಳುಗಿದಾಗಿನ ವ್ಯವಸ್ಥೆ. ಹಿಂದೆ ಆಸ್ತಿಯನ್ನು ಅಡಮಾನ ಹಿಡಿದ ಉತ್ತಮರ್ಣರು ತಮ್ಮ ಸಾಲವನ್ನು ತೀರಿಸಿಕೊಂಡ ತರುವಾಯ ಉಳಿದುದರಲ್ಲಿ ಕೂಲಿಯ ಬಾಕಿಗೆ ಸ್ಥಾನ ದೊರೆಯುತ್ತಿತ್ತು. ೧೯೮೫ರ ತಿದ್ದುಪಡಿಯು ಕಾರ್ಮಿಕರ ಬಾಕಿಯನ್ನು ಅಂತಹ ಉತ್ತಮರ್ಣರ ಸಾಲಕ್ಕೆ ಸಮನಾಗಿ ನಿಲ್ಲಿಸಿತು. ೨೦೧೬ರ ದಿವಾಳಿತನದ ಸಂಹಿತೆಯು ಆ ಸಮಾನತೆಯನ್ನು ಹಿಂದಿನ ಇಪ್ಪತ್ತನಾಲ್ಕು ತಿಂಗಳ ಬಾಕಿಗೆ ಮಿತಗೊಳಿಸಿತು. ಕಾರ್ಮಿಕರಲ್ಲದ ಇತರ ನೌಕರರಿಗೆ ಹನ್ನೆರಡು ತಿಂಗಳ ಬಾಕಿಯನ್ನು ಮಾತ್ರ, ಅದೂ ಒಂದು ಮೆಟ್ಟಿಲು ಕೆಳಗೆ, ಇರಿಸಿತು. ಭವಿಷ್ಯನಿಧಿಯ ಹಣವು ಕಂಪೆನಿಯ ಆಸ್ತಿಯೇ ಅಲ್ಲವೆಂದು ಅದನ್ನು ಹೊರಗಿಟ್ಟಿರುವುದು ಯುಕ್ತವಾಗಿದೆ.

ಎರಡನೆಯದು ಕಾರ್ಖಾನೆಯ ಅಧಿಭೋಗಿಯನ್ನು ಕುರಿತುದು. ಮೊದಲು ಕಂಪೆನಿಗಳು ತಮ್ಮ ಕೆಳಗಿನ ಅಧಿಕಾರಿಯೊಬ್ಬನನ್ನೇ ಅಧಿಭೋಗಿಯೆಂದು ಹೆಸರಿಸಿ ಹೊಣೆಯನ್ನು ಅವನ ಮೇಲೆ ಹೊರಿಸುತ್ತಿದ್ದುವು. ಭೋಪಾಲದ ೧೯೮೪ರ ದುರಂತದ ತರುವಾಯ, ೧೯೮೭ರಲ್ಲಿ ಕಾಯಿದೆಯನ್ನು ತಿದ್ದಿ, ಕಂಪೆನಿಯ ಕಾರ್ಖಾನೆಗೆ ನಿರ್ದೇಶಕರಲ್ಲೊಬ್ಬನೇ ಅಧಿಭೋಗಿಯೆಂದು ಗೊತ್ತುಪಡಿಸಲಾಯಿತು. ಈ ವಿಧಿಯನ್ನು ಸರ್ವೋಚ್ಚ ನ್ಯಾಯಾಲಯವು ೧೯೯೬ರಲ್ಲಿ ಜೆ. ಕೆ. ಇಂಡಸ್ಟ್ರೀಸ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಕಾರ್ಯಚಿಂತಕನನ್ನು ಕೆಲಸಗಾರನ ಎದುರಿಗೆ ತಂದು ನಿಲ್ಲಿಸಿದ ಸ್ಪಷ್ಟವಾದ ಹೆಜ್ಜೆ ಇದು.

ಮೂರನೆಯದು ಭವಿಷ್ಯನಿಧಿಗೆ ಸಂಬಂಧಿಸಿದುದು. ನೌಕರನ ಸಂಬಳದಿಂದ ಹಿಡಿದುಕೊಂಡ ವಂತಿಗೆಯನ್ನು ನಿಧಿಗೆ ಕಟ್ಟದಿದ್ದಲ್ಲಿ ಅದನ್ನು ನಂಬಿಕೆದ್ರೋಹವೆಂದು ದಂಡಶಾಸನವು ಗಣಿಸುತ್ತದೆ. ಕಂಪೆನಿಯ ವ್ಯವಹಾರದ ಹೊಣೆ ಹೊತ್ತವನೂ ಅಪರಾಧಕ್ಕೆ ಗುರಿಯಾಗುವನು. ಸಮೂಹಕ್ಕಾಗಿ ಪಡೆದುದನ್ನು ಒಪ್ಪಿಸದವನಿಗೆ ಹನ್ನೊಂದರಷ್ಟು ದಂಡವೆಂದ ಸ್ಮೃತಿಯ ಆಶಯವೂ ಇದೇ.

ನಾಲ್ಕನೆಯದು ೨೦೧೩ರ ಕಂಪೆನಿ ಕಾಯಿದೆಯ ೧೬೬ನೆಯ ಪ್ರಕರಣ. ನಿರ್ದೇಶಕನು ಷೇರುದಾರರ ಹಿತದೊಡನೆ ನೌಕರರ, ಸಮುದಾಯದ ಮತ್ತು ಪರಿಸರದ ಹಿತವನ್ನೂ ಲಕ್ಷಿಸಿ ಸದ್ಭಾವದಿಂದ ನಡೆಯಬೇಕೆಂದು ಅದು ವಿಧಿಸಿತು. ನೌಕರನ ಹೆಸರು ನಿರ್ದೇಶಕನ ಕರ್ತವ್ಯಗಳ ಪಟ್ಟಿಯಲ್ಲಿ ಸೇರಿದುದು ಸಣ್ಣ ಸಂಗತಿಯಲ್ಲ. ಆದರೆ ಆ ಕರ್ತವ್ಯವು ಲೋಪವಾದಲ್ಲಿ ನೌಕರನು ನೇರವಾಗಿ ಹಿಡಿಯಬಹುದಾದ ದಾರಿಯನ್ನು ಆ ಪ್ರಕರಣವು ತೆರೆದಿಡಲಿಲ್ಲ. ವಿಧಿಯುಂಟು, ವಿಧಿಯನ್ನು ಪ್ರವರ್ತಿಸುವ ಕೈ ನೌಕರನದಲ್ಲ.

೬

ಈ ಕೊರತೆಯ ಫಲವನ್ನು ತಿಳಿಯುವುದಕ್ಕೆ ಬಹುದೂರ ಹೋಗಬೇಕಾಗಿಲ್ಲ.

ಬೆಂಗಳೂರಿನಲ್ಲಿ ನೋಂದಾಯಿತ ಕಚೇರಿಯನ್ನಿಟ್ಟುಕೊಂಡು ೨೦೦೫ರಲ್ಲಿ ಆರಂಭವಾದ ಕಿಂಗ್‌ಫಿಷರ್ ಏರ್‌ಲೈನ್ಸ್ ಕಂಪೆನಿಯ ವಿಮಾನಗಳು ದೇವನಹಳ್ಳಿಯ ನಿಲ್ದಾಣದಿಂದ ಹಾರುತ್ತಿದ್ದುವು. ನೌಕರರಿಗೆ ಹಲವು ತಿಂಗಳ ಸಂಬಳವನ್ನು ಬಾಕಿಯುಳಿಸಿ ಆ ಕಂಪೆನಿಯು ೨೦೧೨ರ ಅಕ್ಟೋಬರಿನಲ್ಲಿ ಹಾರಾಟವನ್ನು ನಿಲ್ಲಿಸಿತು. ೨೦೧೬ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದರ ಸಮಾಪನಕ್ಕೆ ಆಜ್ಞೆ ಮಾಡಿತು. ಅದರ ಅಧ್ಯಕ್ಷರಾಗಿದ್ದ ವಿಜಯ ಮಲ್ಯರಿಗೆ ಸರ್ವೋಚ್ಚ ನ್ಯಾಯಾಲಯವು ೨೦೨೨ರ ಜುಲೈಯಲ್ಲಿ ನ್ಯಾಯಾಲಯನಿಂದನೆಗಾಗಿ ನಾಲ್ಕು ತಿಂಗಳ ಸೆರೆವಾಸವನ್ನು ವಿಧಿಸಿತು. ಆ ವ್ಯಾಜ್ಯವನ್ನು ಹೂಡಿದವರು ಸಾಲ ಕೊಟ್ಟ ಬ್ಯಾಂಕುಗಳು. ವ್ಯಾಜ್ಯದ ವಿಷಯವು ಅವುಗಳಿಗೆ ಮುಚ್ಚಿಟ್ಟ ಹಣ. ಸಂಬಳದ ಬಾಕಿಯು ಆ ತೀರ್ಪಿನ ವಿಷಯವಾಗಿರಲಿಲ್ಲ.

ಹೊಸಕೋಟೆಯಿಂದ ಕೋಲಾರದತ್ತ ಸಾಗುವ ಹೆದ್ದಾರಿಯಲ್ಲಿ ನರಸಾಪುರವಿದೆ. ಅಲ್ಲಿ ಐಫೋನುಗಳನ್ನು ತಯಾರಿಸುತ್ತಿದ್ದ ತೈವಾನ್ ದೇಶದ ವಿಸ್ಟ್ರಾನ್ ಕಂಪೆನಿಯ ಕಾರ್ಖಾನೆಯಲ್ಲಿ ೨೦೨೦ರ ಡಿಸೆಂಬರ್ ೧೨ರಂದು, ಕೂಲಿಯು ಸರಿಯಾಗಿ ಸಲ್ಲದೆಂದು ಕುಪಿತರಾದ ಕೆಲಸಗಾರರಿಂದ ಹಾನಿಯುಂಟಾಯಿತು. ಅವರಲ್ಲಿ ಬಹುಮಂದಿ ಗುತ್ತಿಗೆಯ ಏಜೆನ್ಸಿಗಳ ಮೂಲಕ ಬಂದವರು. ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಕಾರ್ಖಾನೆಗಳ ಇಲಾಖೆಯ ವಿಚಾರಣೆಯಲ್ಲಿ ವೇತನ ಮತ್ತು ಕೆಲಸದ ವೇಳೆಗಳ ನಿಯಮಗಳು ಮೀರಿಹೋಗಿದ್ದುದು ಕಂಡುಬಂದಿತು. ಕೆಲವರಿಗೆ ಕೂಲಿಯು ಸರಿಯಾಗಿಯೂ ಸಕಾಲದಲ್ಲಿಯೂ ಸಲ್ಲಲಿಲ್ಲವೆಂದು ಕಂಪೆನಿಯೇ ಒಪ್ಪಿ, ಕ್ಷಮೆ ಕೋರಿ, ಹಿಂದೂದೇಶದ ವ್ಯವಹಾರವನ್ನು ನೋಡುತ್ತಿದ್ದ ಉಪಾಧ್ಯಕ್ಷನನ್ನು ತೆಗೆದುಹಾಕಿತು. ಆದರೆ ಅದು ನಡೆದುದು ಸರಕನ್ನು ಕೊಳ್ಳುವ ಆಪಲ್ ಕಂಪೆನಿಯು ಹೊಸ ಕೆಲಸವನ್ನು ಕೊಡುವುದಿಲ್ಲವೆಂದು ಹೇಳಿದ ಸಮಯದಲ್ಲಿಯೇ. ಹಾನಿ ಮಾಡಿದವರು ನ್ಯಾಯಕ್ಕೆ ಗುರಿಯಾಗಬಾರದೆಂದು ಯಾರೂ ಹೇಳರು. ಕೂಲಿಕಾರನ ತಪ್ಪಿಗೆ ರಾಜದಂಡವು ಆ ವಾರದಲ್ಲಿಯೇ ತಲಪಿತು; ಕಾರ್ಯಚಿಂತಕನ ಲೋಪಕ್ಕೆ ಕ್ರಮವುಂಟಾದುದು ಕೊಳ್ಳುವವನ ಒತ್ತಾಯದಿಂದ.

ಮೂರನೆಯ ನಿದರ್ಶನವು ಸರ್ಕಾರದ ನೀತಿಗೆ ಸಂಬಂಧಿಸಿದುದು. ಮಾಲಿಕನು ಕಟ್ಟಿದ ಭವಿಷ್ಯನಿಧಿಯ ಪಾಲನ್ನು ಐವತ್ತೆಂಟನೆಯ ವಯಸ್ಸಿನವರೆಗೆ ತೆಗೆಯಲಾಗದೆಂದು ಕೇಂದ್ರ ಸರ್ಕಾರವು ೨೦೧೬ರ ಫೆಬ್ರವರಿ ೧೦ರಂದು ಪ್ರಕಟಿಸಿತು. ಏಪ್ರಿಲ್ ೧೮ ಮತ್ತು ೧೯ರಂದು ಉಡುಪಿನ ಕಾರ್ಖಾನೆಗಳ ಸಹಸ್ರಾರು ಕೆಲಸಗಾರರು, ಅವರಲ್ಲಿ ಅಧಿಕಾಂಶ ಹೆಂಗಸರು, ಬೆಂಗಳೂರಿನ ಹೊಸೂರು ರಸ್ತೆಯೇ ಮೊದಲಾದ ಹೆದ್ದಾರಿಗಳಲ್ಲಿ ನಿಂತರು. ೧೯ರಂದೇ ಆ ಆಜ್ಞೆಯು ಹಿಂದಕ್ಕೆ ಹೋಯಿತು. ಕೆಲಸವು ಯಾವಾಗ ಹೋಗುವುದೋ ತಿಳಿಯದ ಕೆಲಸಗಾರ್ತಿಗೆ ಆ ನಿಧಿಯೇ ಆಪದ್ಧನವೆಂಬುದನ್ನು ನೀತಿಯನ್ನು ರಚಿಸಿದವರು ಗಣಿಸಲಿಲ್ಲ. ಅವಳ ಮಾತನ್ನು ಮೊದಲೇ ಕೇಳುವ ಸ್ಥಾನವಿಲ್ಲದ ಕಾರಣ ಅದು ಬೀದಿಯಲ್ಲಿ ಕೇಳಬೇಕಾಯಿತು.

೭

೨೦೨೫ರ ನವೆಂಬರ್ ೨೧ರಂದು ಕೇಂದ್ರ ಸರ್ಕಾರವು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದು, ಮೇಲೆ ಹೇಳಿದ ಹಳೆಯ ಕಾರ್ಮಿಕ ಕಾಯಿದೆಗಳನ್ನು ಅವುಗಳಲ್ಲಿ ಅಡಕಮಾಡಿತು. ಕೆಲಸದಿಂದ ತೆಗೆದವನಿಗೂ ತಾನೇ ಬಿಟ್ಟವನಿಗೂ ಎರಡು ಕೆಲಸದ ದಿನಗಳೊಳಗೆ ವೇತನವನ್ನು ತೀರಿಸಬೇಕೆಂದೂ, ನೇಮಿಸಿಕೊಂಡವನು ಕೊಡದಿದ್ದರೆ ಆ ಸಂಸ್ಥೆಯ ಒಡೆತನವುಳ್ಳ ಕಂಪೆನಿಯು ಕೊಡಬೇಕೆಂದೂ ವೇತನ ಸಂಹಿತೆಯಲ್ಲಿದೆ. ಗುತ್ತಿಗೆದಾರನ ನೆರಳಿನಲ್ಲಿ ಕಂಪೆನಿಯು ಮರೆಯಾಗದಿರಲು ಇದು ಉಪಯುಕ್ತವಾದ ವಿಧಿ. ಅಪರಾಧವಾದಾಗ ಕಂಪೆನಿಯ ವ್ಯವಹಾರದ ಹೊಣೆ ಹೊತ್ತವನನ್ನೂ ಅದು ಹಿಡಿಯುತ್ತದೆ. ತನಗೆ ತಿಳಿಯದೆ ನಡೆಯಿತೆಂದು ಸ್ಥಾಪಿಸಿದವನನ್ನು ಬಿಡುತ್ತದೆ.

ಈ ಕಡೆಯ ವಿನಾಯಿತಿಯ ವಿಷಯದಲ್ಲಿ ಪೂರ್ವದ ಶಾಸ್ತ್ರಕಾರರ ಮತವು ಸ್ಮರಣಾರ್ಹವಾಗಿದೆ. ಕೂಡುವ್ಯಾಪಾರದಲ್ಲಿ ಅಜಾಗರೂಕತೆಯಿಂದ ನಷ್ಟ ತಂದವನೂ ನಿಷಿದ್ಧವನ್ನು ಮಾಡಿದವನೂ ಒಂದೇ ಸಾಲಿನಲ್ಲಿ ನಿಂತರು. ತಿಳಿಯದಿರುವುದು ಕಾರ್ಯಚಿಂತಕನಿಗೆ ಭೂಷಣವಲ್ಲ. ಸಮೂಹದ ಕಾರ್ಯವನ್ನು ಚಿಂತಿಸುವುದಕ್ಕಾಗಿಯೇ ಅವನು ನಿಯುಕ್ತನಾಗಿರುವನು. ಕೂಲಿಯು ಸಲ್ಲಿತೇ ಎಂಬುದು ಆ ಚಿಂತೆಯ ಹೊರಗಿನದಾಗಲಾರದು.

ಒಟ್ಟಿನಲ್ಲಿ ಹೇಳುವುದಾದರೆ, ವಿಜ್ಞಾನೇಶ್ವರನ ಕಾಲದಲ್ಲಿ ಪ್ರಕರಣಗಳ ನಡುವೆ ಉಳಿದಿದ್ದ ತೆರಪು ಇಂದಿಗೂ ಪೂರ್ಣವಾಗಿ ಮುಚ್ಚಿಲ್ಲ. ನಿರ್ದೇಶಕನು ಷೇರುದಾರನಿಗೂ ಬ್ಯಾಂಕಿಗೂ ಸರಕು ಕೊಳ್ಳುವವನಿಗೂ ಉತ್ತರ ಹೇಳಬೇಕಾದ ದಾರಿಗಳು ಅಗಲವಾಗಿವೆ. ದುಡಿದವನಿಗೆ ಉತ್ತರ ಹೇಳಬೇಕಾದ ದಾರಿಯು ಕಿರಿದಾಗಿದೆ. ೧೯೮೭ರ ತಿದ್ದುಪಡಿಯೂ ೨೦೧೩ರ ೧೬೬ನೆಯ ಪ್ರಕರಣವೂ ಆ ದಾರಿಯ ಆರಂಭಗಳು. ೧೬೬ನೆಯ ಪ್ರಕರಣದ ಕರ್ತವ್ಯವನ್ನು ನೌಕರನೇ ನ್ಯಾಯಸ್ಥಾನದಲ್ಲಿ ಮುಂದಿಡಲು ಅವಕಾಶವಾದಲ್ಲಿ ವೇತನಾದಾನವೂ ಸಂವಿದ್ವ್ಯತಿಕ್ರಮವೂ ಮೊದಲ ಸಲ ಒಂದೇ ಪ್ರಕರಣವಾದಂತಾಗುವುದು. ದೊಡ್ಡಬಳ್ಳಾಪುರದ ಉಡುಪಿನ ಕಾರ್ಖಾನೆಯಲ್ಲಿ ಹೊಲಿಯುವವಳಿಗೂ ಹೊಸಕೋಟೆಯಲ್ಲಿ ಯಂತ್ರವನ್ನು ಜೋಡಿಸುವವನಿಗೂ ಆಗ ತಮ್ಮ ಭೃತಿಗೆ ಹೊಣೆಯಾದವರ ಬಾಗಿಲು ಯಾವುದೆಂದು ತಿಳಿಯುವುದು.